ಸಾವಿನ ಮನೆಯಲ್ಲಿ ಆನಂದದ ಹಾಡು ಯಾಕೆ? ಕಷ್ಟದಲ್ಲೂ ಕ್ರೈಸ್ತರು ಹೇಳುವ 'ಸಂತೋಷ' ಅಂದರೆ ಏನು?

ನಮ್ಮ ಬೀದಿಯ ಕೊನೆಮನೆ ಆಂಟಿ ತೀರಿಕೊಂಡ ದಿನ ಎರಡು ಗಂಟೆ ಹಾಡು ಕೇಳಿಸಿತು. ಮನೆ ಮುಂದೆ ಶಾಮಿಯಾನ, ಬಾಡಿಗೆ ಕುರ್ಚಿಗಳು, ನಡುವೆ ಪೆಟ್ಟಿಗೆ. ಸುತ್ತ ನಿಂತವರ ಕೈಯಲ್ಲಿ ರಟ್ಟು ಸವೆದ ಹಾಡಿನ ಪುಸ್ತಕ. ಒಬ್ಬ ಅಜ್ಜ ಸಾಲು ಎತ್ತಿಕೊಡುತ್ತಿದ್ದರು, ಮಿಕ್ಕವರು ಹಿಡಿದುಕೊಳ್ಳುತ್ತಿದ್ದರು. ಆಂಟಿಯ ಮಗಳೂ ಹಾಡುತ್ತಿದ್ದಳು. ಮೂರನೇ ಚರಣಕ್ಕೆ ಅವಳ ಗಂಟಲು ಕಟ್ಟಿತು. ಪುಸ್ತಕ ಮಡಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಾಡು ನಿಲ್ಲಲಿಲ್ಲ. ಅಕ್ಕಪಕ್ಕದವರು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಚರಣ ಮುಗಿಸಿದರು.

ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಹಾಡಿನಲ್ಲಿ ಆನಂದ, ಸಂತೋಷ ಅಂತೆಲ್ಲ ಬರ್ತಿದೆಯಲ್ಲ. ಇವರಿಗೆ ದುಃಖ ಆಗಲ್ವಾ?"

ಸಾವಿನ ಮನೆಯಲ್ಲಿ ಭಜನೆ ನಮ್ಮ ಕಡೆ ಹೊಸದೇನಲ್ಲ. ಅವರನ್ನು ಕಾಡಿದ್ದು ಹಾಡಲ್ಲ, ಆ 'ಆನಂದ' ಎಂಬ ಪದ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಕ್ರೈಸ್ತ ನೆರೆಹೊರೆಯವರ ಮನೆಗೆ ಇಂಥ ಹೊತ್ತಿನಲ್ಲಿ ಹೋಗುವ, ಆದರೆ ಅವರ ಮಾತಿನ ಹಿನ್ನೆಲೆ ಗೊತ್ತಿಲ್ಲದ ನಮ್ಮಂಥವರಿಗಾಗಿ.

ಮೊದಲು ಪದಗಳ ಗೊಂದಲ

ಅರ್ಧ ಸಮಸ್ಯೆ ಇರುವುದು ಪದಗಳಲ್ಲೇ. ನಮ್ಮ ದಿನದ ಮಾತಿನಲ್ಲಿ ಸಂತೋಷ ಅಂದರೆ ಏನೋ ಒಳ್ಳೆಯದು ನಡೆದ ಮೇಲೆ ಬರುವ ಖುಷಿ. ಸಂಬಳ ಜಾಸ್ತಿಯಾಯಿತು, ಸಂತೋಷ. ಮಗಳಿಗೆ ಸೀಟು ಸಿಕ್ಕಿತು, ಸಂತೋಷ. ಕಾರಣ ಮೊದಲು, ಖುಷಿ ಆಮೇಲೆ.

ಬೈಬಲ್‌ನ ಎರಡನೇ ಭಾಗಕ್ಕೆ ಹೊಸ ಒಡಂಬಡಿಕೆ ಎನ್ನುತ್ತಾರೆ. ಅದು ಮೊದಲು ಬರೆಯಲ್ಪಟ್ಟದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಸಂತೋಷಕ್ಕೆ ಇರುವ ಪದ 'ಖರಾ'. ಕೃಪೆಗೆ ಇರುವ ಪದ 'ಖಾರಿಸ್'. ಎರಡೂ ಒಂದೇ ಬೇರಿನಿಂದ ಹುಟ್ಟಿದವು. ಕೃಪೆ ಅಂದರೆ ಯೋಗ್ಯತೆ ನೋಡದೆ ಸಿಕ್ಕಿದ್ದು. ಊರಿಗೆ ಹೋದಾಗ ಅಜ್ಜಿ ಮೊಮ್ಮಗನ ಜೇಬಿಗೆ ನೂರರ ನೋಟು ತುರುಕುತ್ತಾರಲ್ಲ, ಮಾರ್ಕ್ಸ್ ಕಾರ್ಡ್ ನೋಡಿ ಕೊಡುವುದಿಲ್ಲ. ನೋಟಿಗಿಂತ ಹೆಚ್ಚಾಗಿ, ತನ್ನ ಮೇಲೆ ಇಷ್ಟು ಪ್ರೀತಿ ಇಟ್ಟವರು ಒಬ್ಬರಿದ್ದಾರೆ ಎಂಬುದೇ ಹುಡುಗನಿಗೆ ಸಾಕಾಗುತ್ತದೆ. ಕ್ರೈಸ್ತರು ಸಂತೋಷ ಎಂದಾಗ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಇವತ್ತು ಏನು ನಡೆಯಿತು ಎಂಬುದರ ಮೇಲಲ್ಲ, ದೇವರು ತಮ್ಮ ಕೈ ಬಿಟ್ಟಿಲ್ಲ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ.

ಎರಡನೇ ಪದ 'ನಿರೀಕ್ಷೆ'. ನಾವು ಬಸ್ಸಿನ ನಿರೀಕ್ಷೆಯಲ್ಲಿ ನಿಲ್ಲುತ್ತೇವೆ, ರಿಸಲ್ಟ್ ನಿರೀಕ್ಷಿಸುತ್ತೇವೆ. ಬರಬಹುದು, ಬಾರದೆಯೂ ಇರಬಹುದು. ಕನ್ನಡ ಬೈಬಲ್‌ನಲ್ಲಿ ಈ ಪದಕ್ಕೆ ಭಾರ ಜಾಸ್ತಿ. ಶಿಲುಬೆಯ ಮೇಲೆ ಸತ್ತ ಯೇಸುವನ್ನು ಮೂರನೇ ದಿನ ದೇವರು ಎಬ್ಬಿಸಿದ, ಹಾಗೆಯೇ ತಮ್ಮವರನ್ನೂ ಒಂದು ದಿನ ಎಬ್ಬಿಸುತ್ತಾನೆ ಎಂಬ ಭರವಸೆ ಅದು. ಈಸ್ಟರ್ ಹಬ್ಬ ಇದೇ ಘಟನೆಯ ನೆನಪು. ಸತ್ತವರ ಬಗ್ಗೆ 'ಕರ್ತನಲ್ಲಿ (ಅಂದರೆ ಪ್ರಭುವಿನಲ್ಲಿ) ನಿದ್ರೆ ಹೋದರು' ಎಂದು ಬರೆಯುವುದೂ ಇದೇ ಕಾರಣಕ್ಕೆ. ಇಂಗ್ಲಿಷಿನವರು ಸ್ಮಶಾನಕ್ಕೆ ಹೇಳುವ ಸೆಮೆಟರಿ ಎಂಬ ಮಾತು ಕೂಡ ಮಲಗುವ ಜಾಗ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು.

ಇನ್ನೊಂದು ಪದ ನನಗೆ ತುಂಬಾ ಹಿಡಿಸಿತು: ಸಂಚಕಾರ. ಪತ್ರಿಕೆ ಓದುವವರಿಗೆ ಇದು ಕೆಟ್ಟ ಪದ, 'ಕುರ್ಚಿಗೆ ಸಂಚಕಾರ' ಎಂದೇ ಅಭ್ಯಾಸ. ಹಳೆಯ ಅರ್ಥ ಮುಂಗಡ. ಸೈಟು ಕೊಳ್ಳುವಾಗ ಅಡ್ವಾನ್ಸ್ ಕೊಡುತ್ತೇವಲ್ಲ, ಅದು. ದೇವರು ಈಗ ಮನಸ್ಸಿನೊಳಗೆ ಇಟ್ಟಿರುವ ತನ್ನ ಆತ್ಮ, ಅಂದರೆ ಪವಿತ್ರಾತ್ಮ, ಮುಂದೆ ಸಿಗಬೇಕಾದ ಪೂರ್ತಿ ಮೊತ್ತದ ಸಂಚಕಾರ ಎಂಬ ಹೋಲಿಕೆ ಬೈಬಲ್‌ನ ಪತ್ರಗಳಲ್ಲಿದೆ. ಅಡ್ವಾನ್ಸ್ ಕೈಗೆ ಬಂದ ಮಾತ್ರಕ್ಕೆ ಸಾಲವೆಲ್ಲ ತೀರುವುದಿಲ್ಲ. ಆದರೆ ವ್ಯವಹಾರ ಕುದುರಿದೆ ಅಂತ ಗೊತ್ತಾಗುತ್ತದೆ.

ಜೈಲಿನಿಂದ ಬಂದ ಕಾಗದ

ಕಷ್ಟದಲ್ಲಿ ಸಂತೋಷ ಎಂದ ಕೂಡಲೇ ಕ್ರೈಸ್ತರು ತೆಗೆಯುವ ಪುಟ ಒಂದಿದೆ. ಯೇಸುವಿನ ಸಂದೇಶ ಸಾರುತ್ತ ಊರೂರು ತಿರುಗಿದ ಪೌಲ ಎಂಬವನು ಫಿಲಿಪ್ಪಿ ಎಂಬ ಊರಿನವರಿಗೆ ಬರೆದ ಕಾಗದ. ನಾಲ್ಕೇ ಅಧ್ಯಾಯ. ಆದರೆ ಸಂತೋಷ, ಸಂತೋಷಪಡು ಎಂಬ ಅರ್ಥದ ಪದಗಳು ಗ್ರೀಕ್ ಮೂಲದಲ್ಲಿ 16 ಸಲ ಬರುತ್ತವೆ. ಬರೆದವನು ಆಗ ಬೇಡಿ ತೊಟ್ಟ ಕೈದಿ.

ಫಿಲಿಪ್ಪಿ ಈಗಿನ ಗ್ರೀಸ್ ದೇಶದ ಉತ್ತರದಲ್ಲಿದೆ. ಊರು ಈಗ ಪಾಳು, 2016ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಪೌಲ ಅಲ್ಲಿಗೆ ಹೋದದ್ದು ಸುಮಾರು ಕ್ರಿ.ಶ. 50ರ ಹೊತ್ತಿಗೆ. ಅವನ ಮಾತಿಗೆ ಮೊದಲು ಕಿವಿಗೊಟ್ಟವಳು ಲುದ್ಯ, ಕೆನ್ನೀಲಿ ಬಣ್ಣದ ದುಬಾರಿ ಬಟ್ಟೆ ಮಾರುವ ಹೆಂಗಸು. ಆಮೇಲೆ ಗಲಾಟೆಯಾಯಿತು. ಕಣಿ ಹೇಳಿ ಒಡೆಯರಿಗೆ ದುಡ್ಡು ತರುತ್ತಿದ್ದ ಒಬ್ಬ ದಾಸಿಗೆ ಪೌಲ ಅವಳ ಮೈಮೇಲೆ ಬರುತ್ತಿದ್ದ ದೆವ್ವದ ಕಾಟದಿಂದ ಬಿಡುಗಡೆ ಕೊಡಿಸಿದ. ಸಂಪಾದನೆ ಹೋಯಿತೆಂದು ಒಡೆಯರು ಸಿಟ್ಟಾದರು. ಪೌಲ ಮತ್ತು ಅವನ ಜೊತೆಗಾರ ಸೀಲನಿಗೆ ಛಡಿ ಏಟು ಬಿತ್ತು, ಒಳಗಿನ ಕೋಣೆಯಲ್ಲಿ ಕಾಲಿಗೆ ಕೋಳ ಬಿತ್ತು. ಅವತ್ತು ನಡುರಾತ್ರಿ ಇಬ್ಬರೂ ಹಾಡುತ್ತಿದ್ದರು, ಉಳಿದ ಕೈದಿಗಳು ಕೇಳಿಸಿಕೊಳ್ಳುತ್ತಿದ್ದರು ಎಂದು ಬೈಬಲ್ ಹೇಳುತ್ತದೆ. ಭೂಕಂಪವಾಗಿ ಬಾಗಿಲು ತೆರೆದುಕೊಂಡ ಕಥೆ ಆಮೇಲಿನದು. ಹಾಡು ಶುರುವಾದಾಗ ಬಾಗಿಲು ಮುಚ್ಚಿಯೇ ಇತ್ತು, ಬೆನ್ನಿನ ಗಾಯ ತೊಳೆದಿರಲಿಲ್ಲ.

ಕಾಗದ ಬರೆದದ್ದು ಇದಾಗಿ ಕೆಲವು ವರ್ಷಗಳ ಮೇಲೆ, ಇನ್ನೊಂದು ಸೆರೆಯಿಂದ. ರೋಮ್‌ನಿಂದ ಎಂಬುದು ಹಳೆಯ ನಂಬಿಕೆ, ಎಫೆಸ ಅಥವಾ ಕೈಸರೈಯ ಎನ್ನುವ ವಿದ್ವಾಂಸರೂ ಇದ್ದಾರೆ. ಆ ಕಾಲದ ಜೈಲು ಹೇಗಿತ್ತು ಎಂದು ಗೊತ್ತಿದ್ದರೆ ಕಾಗದ ಬೇರೆ ಥರ ಕಾಣುತ್ತದೆ. ಕೈದಿಯ ಊಟ ಬಟ್ಟೆ ಹೆಚ್ಚಾಗಿ ಮನೆಯವರ, ಸ್ನೇಹಿತರ ಹೊಣೆ. ಹೊರಗಿನವರು ಮರೆತರೆ ಉಪವಾಸ. ಫಿಲಿಪ್ಪಿಯವರು ಎಪಫ್ರೊದೀತ ಎಂಬವನ ಕೈಯಲ್ಲಿ ಪೌಲನಿಗೆ ಬೇಕಾದದ್ದು ಕಳಿಸಿದರು. ಕಾಗದಕ್ಕೆ ಇದ್ದ ಒಂದು ಕಾರಣ ಅದಕ್ಕೆ ಥ್ಯಾಂಕ್ಸ್ ಹೇಳುವುದು. ಅಂದರೆ ಇಷ್ಟೆಲ್ಲ ಸಂತೋಷದ ಮಾತು ಹೊರಟದ್ದು ದೂರದ ಊರಿನ ಜನ ಕಳಿಸಿದ ಒಂದು ಗಂಟಿನಿಂದ!

ತಂದವನು ಕಾಯಿಲೆ ಬಿದ್ದು ಸಾಯುವ ಹಾಗಾದ. ಅದನ್ನು ಪೌಲ ಮುಚ್ಚಿಡುವುದಿಲ್ಲ. ಅವನು ಬದುಕಿಕೊಂಡ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎಂದು ಬರೆಯುತ್ತಾನೆ. ಎರಡನೇ ಅಧ್ಯಾಯದಲ್ಲಿ ಈ ಮಾತು. ನಾಲ್ಕನೇ ಅಧ್ಯಾಯದಲ್ಲಿ 'ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ' ಎಂಬ ಹೆಸರಾದ ಸಾಲು. ಎರಡೂ ಒಂದೇ ಕೈಬರಹ. ಎರಡನೆಯದನ್ನು ಗೋಡೆಗೆ ತೂಗುಹಾಕುವವರು ಮೊದಲನೆಯದನ್ನು ಓದುವುದು ಕಮ್ಮಿ. ಆ ಹೆಸರಾದ ಸಾಲಿಗೆ ಸ್ವಲ್ಪ ಮೇಲೆ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರಿಗೆ ಮನಸ್ತಾಪ ಬಿಟ್ಟು ಒಂದಾಗಿ ಅಂತ ಬೇಡಿಕೊಳ್ಳುತ್ತಾನೆ. ಜಗಳ, ಕಾಯಿಲೆ, ಜೈಲು ಎಲ್ಲ ಇರುವ ಕಾಗದ ಇದು. ಆ ಗದ್ದಲದ ನಡುವೆಯೇ ಸಂತೋಷದ ಪದ ಹದಿನಾರು ಸಲ ಬರುವುದು.

ಅಳುವುದಕ್ಕೆ ಅಡ್ಡಿ ಇಲ್ಲ

ಹಾಗಾದರೆ ದುಃಖ ಆಗಲ್ವಾ ಎಂಬ ಆ ಹಿರಿಯರ ಪ್ರಶ್ನೆಗೆ ಬರೋಣ. ಬೈಬಲ್‌ನಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಾಟ, ಮೊರೆ, ದೂರು. 13ನೆಯ ಕೀರ್ತನೆಯಲ್ಲಿ ಇರುವುದೇ ಆರು ವಚನ, ಮೊದಲ ಎರಡರಲ್ಲಿ ನಾಲ್ಕು ಸಲ 'ಇನ್ನೂ ಎಷ್ಟು ಕಾಲ?' ಎಂದು ದೇವರನ್ನೇ ಕೇಳುತ್ತದೆ. ಅದು ಕೊನೆಗೆ ಹಾಡಿಗೆ ಹೊರಳುತ್ತದೆ. 88ನೆಯದು ಹೊರಳುವುದೂ ಇಲ್ಲ. ಕತ್ತಲೆಯ ಮಾತಿನೊಂದಿಗೇ ಮುಗಿಯುತ್ತದೆ. ಅದನ್ನೂ ಪುಸ್ತಕದಲ್ಲಿ ಉಳಿಸಿಕೊಂಡಿದ್ದಾರೆ, ಪ್ರಾರ್ಥನೆ ಅಂತಲೇ ಓದುತ್ತಾರೆ.

ದಾಸರ ನಿಂದಾಸ್ತುತಿ ಕೇಳಿ ಬೆಳೆದ ನಮಗೆ ದೇವರ ಜೊತೆ ಜಗಳ ಹೊಸದಲ್ಲ. ಆದರೆ ನಿಂದಾಸ್ತುತಿಯ ಬೈಗುಳದಲ್ಲಿ ಸಲಿಗೆ, ಚೇಷ್ಟೆ ಇರುತ್ತದೆ. ಈ ಕೀರ್ತನೆಗಳಲ್ಲಿ ಅದು ಕಡಿಮೆ. ಇಲ್ಲಿ ನಿಜಕ್ಕೂ ಕಂಗೆಟ್ಟವನ ದನಿ ಇದೆ. ಗೆಳೆಯ ಲಾಜರನ ಸಮಾಧಿಯ ಕಡೆ ಹೋಗುವಾಗ ಯೇಸು ಅತ್ತ ಎಂದೂ ಬರೆದಿದೆ. ಶಿಲುಬೆಯ ಮೇಲೆ 'ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ' ಎಂದು ಕೂಗಿದ್ದೂ 22ನೆಯ ಕೀರ್ತನೆಯ ಮೊದಲ ಸಾಲೇ.

ರೈತರ ಮನೆಯವರಿಗೆ ತಟ್ಟುವ ಇನ್ನೊಂದು ಜಾಗ ಹಬಕ್ಕೂಕ ಎಂಬ ಪ್ರವಾದಿಯ ಪುಟ್ಟ ಪುಸ್ತಕದ ಕೊನೆ. ಅವನು ಒಂದೊಂದಾಗಿ ಲೆಕ್ಕ ಹಾಕುತ್ತಾನೆ. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಬಿಡಲಿಲ್ಲ, ಎಣ್ಣೆಮರದ ಫಸಲು ಕೈಕೊಟ್ಟಿತು, ಹೊಲದಲ್ಲಿ ಕಾಳಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಬರಗಾಲದ ಪಂಚನಾಮೆಯ ಹಾಗಿದೆ. 'ಆದರೂ ನಾನು ಕರ್ತನಲ್ಲಿ ಉಲ್ಲಾಸಿಸುವೆನು' ಎಂಬ ಮಾತು ಬರುವುದು ಆರೂ ಕಳೆದುಹೋದ ಮೇಲೆ. ನಷ್ಟವನ್ನು ಒಂದೂ ಬಿಡದೆ ಹೆಸರು ಹೇಳಿ, ಆಮೇಲೆ 'ಆದರೂ'. ಕ್ರೈಸ್ತರ ಸಂತೋಷದ ಗುಟ್ಟೆಲ್ಲ ಈ ಮೂರಕ್ಷರದಲ್ಲಿದೆ ಅಂತ ನನಗನ್ನಿಸುತ್ತದೆ.

ದುಃಖವೂ ಸಂತೋಷವೂ ಒಟ್ಟಿಗೆ ಹೇಗೆ?

ಇದನ್ನು ಚೆನ್ನಾಗಿ ಬಿಡಿಸಿ ಹೇಳಿದವನು ಇನ್ನೊಬ್ಬ ಕೈದಿ. ಡೀಟ್ರಿಕ್ ಬಾನ್‌ಹಾಫರ್ ಜರ್ಮನಿಯ ಪಾದ್ರಿ, ಹಿಟ್ಲರ್‌ನನ್ನು ಎದುರಿಸಿದವರಲ್ಲಿ ಒಬ್ಬ. 1943ರ ಏಪ್ರಿಲ್ 5ರಂದು ಅವನನ್ನು ಹಿಡಿದು ಬರ್ಲಿನ್ನಿನ ಟೇಗೆಲ್ ಜೈಲಿಗೆ ಹಾಕಿದರು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಆಗ ವಯಸ್ಸು 39. ನಡುವಿನ ಎರಡು ವರ್ಷ ಮನೆಯವರಿಗೆ, ಗೆಳೆಯರಿಗೆ ಕಾಗದ ಬರೆಯುತ್ತಿದ್ದ.

1943ರ ಕ್ರಿಸ್‌ಮಸ್ ಹಿಂದಿನ ದಿನ ಬರೆದದ್ದರಲ್ಲಿ ಒಂದು ವಿಚಾರ ಬರುತ್ತದೆ. ಪ್ರೀತಿಪಾತ್ರರು ಇಲ್ಲದ ಜಾಗವನ್ನು ಯಾವುದೂ ತುಂಬುವುದಿಲ್ಲ, ತುಂಬಲು ಹೋಗಲೂಬಾರದು. ದೇವರು ಆ ಖಾಲಿಯನ್ನು ತುಂಬುತ್ತಾನೆ ಎನ್ನುವುದು ತಪ್ಪು, ಅವನು ಅದನ್ನು ಖಾಲಿಯಾಗಿಯೇ ಇರಿಸುತ್ತಾನೆ, ನೋವಿನ ಮೂಲಕವೇ ನಂಟು ಉಳಿಯುತ್ತದೆ ಎಂಬ ಅರ್ಥದ ಮಾತು. 'ದೇವರಿದ್ದಾನೆ, ಎಲ್ಲ ಸರಿಹೋಗುತ್ತದೆ ಬಿಡಿ' ಎನ್ನುವ ಸಮಾಧಾನಕ್ಕಿಂತ ಇದು ಎಷ್ಟು ಬೇರೆ ನೋಡಿ. ಹೇಳಿದವನೂ ಪಾದ್ರಿಯೇ.

1944ರ ಮೇ ತಿಂಗಳಲ್ಲಿ ಅವನು ಸಂಗೀತದ ಹೋಲಿಕೆ ಕೊಟ್ಟ. ಪಾಶ್ಚಾತ್ಯ ಸಂಗೀತದಲ್ಲಿ ಹಲವು ದನಿಗಳು ಒಟ್ಟಿಗೆ, ಬೇರೆ ಬೇರೆ ದಾರಿಯಲ್ಲಿ ಸಾಗುವ ಪದ್ಧತಿ ಇದೆ. ತಳದಲ್ಲಿ ಒಂದು ಸ್ಥಿರವಾದ ರಾಗ ಗಟ್ಟಿಯಾಗಿ ನಿಂತಿದ್ದರೆ ಉಳಿದವು ಎಷ್ಟು ಬೇಕಾದರೂ ಅಲೆಯಬಹುದು. ನೋವು, ನಲಿವು ಎರಡೂ ಬದುಕಿನಲ್ಲಿ ಹಾಗೆ ಒಟ್ಟಿಗೆ ಸಾಗುತ್ತವೆ ಎಂದ. ನಮಗೆ ಇನ್ನೂ ಹತ್ತಿರದ ಹೋಲಿಕೆ ತಂಬೂರಿ. ಕಚೇರಿಯಲ್ಲಿ ಹಿಂದೆ ಶ್ರುತಿ ಮಿಡಿಯುತ್ತಲೇ ಇರುತ್ತದೆ. ಮುಂದೆ ಹಾಡುವವರು ಅಳು ತರಿಸುವ ಮುಖಾರಿ ಹಾಡಲಿ, ಮಂಗಳ ಹಾಡಲಿ, ಶ್ರುತಿ ಬದಲಾಗುವುದಿಲ್ಲ. ಶ್ರುತಿ ಇದೆಯೆಂದು ಮುಖಾರಿಯ ನೋವು ಕಮ್ಮಿಯೂ ಆಗುವುದಿಲ್ಲ. ಸಂತೋಷ ಎಂದಾಗ ಕ್ರೈಸ್ತರು ಈ ಶ್ರುತಿಯ ಬಗ್ಗೆ ಹೇಳುತ್ತಾರೆ, ನಾವು ರಾಗದ ಬಗ್ಗೆ ಎಂದುಕೊಳ್ಳುತ್ತೇವೆ.

ದಿನದ ಬದುಕಿನಲ್ಲಿ

ಇದೆಲ್ಲ ಬರೀ ತತ್ವವಾಗಿದ್ದರೆ ಯಾರಿಗೂ ಉಪಯೋಗವಿಲ್ಲ. ಹಾಗಾಗಿ ಕೆಲವು ಅಭ್ಯಾಸಗಳಿವೆ.

ಕೃತಜ್ಞತೆ ಹೇಳುವುದು ಒಂದು. ಇಲ್ಲಿ ಒಂದು ವಿಭಕ್ತಿ ಪ್ರತ್ಯಯವನ್ನು ಗಮನಿಸಬೇಕು. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಹೇಳುವುದು ಎಲ್ಲಾದರಲ್ಲಿಯೂ ಕೃತಜ್ಞರಾಗಿರಿ ಎಂದು. ಎಲ್ಲದಕ್ಕೂ ಎಂದಲ್ಲ. ಕ್ಯಾನ್ಸರ್ ಬಂದದ್ದಕ್ಕೆ ಥ್ಯಾಂಕ್ಸ್ ಹೇಳಬೇಕಿಲ್ಲ. ಕ್ಯಾನ್ಸರ್ ಇರುವ ದಿನಗಳಲ್ಲೂ ಗಂಜಿ ಕಾಯಿಸಿ ತಂದ ಪಕ್ಕದ ಮನೆಯವರಿಗಾಗಿ ಹೇಳಬಹುದು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಚತುರ್ಥಿ, ಸಪ್ತಮಿಗಳಿಗೆ ಇಷ್ಟು ತೂಕ ಇರಬಹುದು ಎಂದು ನನಗೆ ಆಗ ಹೊಳೆದಿರಲಿಲ್ಲ.

ಇನ್ನೊಂದು, ಕ್ಯಾಲೆಂಡರ್. ಚರ್ಚಿನ ವರ್ಷದಲ್ಲಿ ದುಃಖಕ್ಕೂ ದಿನ ಗೊತ್ತುಮಾಡಿದ್ದಾರೆ. ಈಸ್ಟರ್‌ಗೆ ಮೊದಲು 40 ದಿನಗಳ ತಪಸ್ಸು ಕಾಲ, ಆಮೇಲೆ ಯೇಸು ಶಿಲುಬೆಯ ಮೇಲೆ ಸತ್ತದ್ದನ್ನು ನೆನೆಯುವ ಶುಭ ಶುಕ್ರವಾರ, ಆಮೇಲೆ ಏನೂ ನಡೆಯದ ಒಂದು ಶನಿವಾರ. ಅದನ್ನು ದಾಟಿಯೇ ಭಾನುವಾರಕ್ಕೆ ಬರಬೇಕು, ಒಳದಾರಿ ಇಲ್ಲ. ಕ್ರಿಸ್‌ಮಸ್‌ಗೆ ಮೊದಲ ನಾಲ್ಕು ಭಾನುವಾರಗಳೂ ಕಾಯುವ ದಿನಗಳೇ. ಅನೇಕ ಚರ್ಚುಗಳಲ್ಲಿ ವಾರಕ್ಕೊಂದು ಮೇಣದಬತ್ತಿ ಹಚ್ಚುತ್ತಾರೆ. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಬಣ್ಣದ್ದು ಮೂರನೇ ವಾರಕ್ಕೆ, ಸಂತೋಷದ ಹೆಸರಿನಲ್ಲಿ. ಕಥೋಲಿಕರು ಆ ಭಾನುವಾರವನ್ನು 'ಗೌದೇತೆ' ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ 'ಸಂತೋಷಿಸಿರಿ' ಎಂದರ್ಥ. ಪೌಲನ ಜೈಲಿನ ಕಾಗದದಿಂದಲೇ ಎತ್ತಿಕೊಂಡ ಪದ. ಹಬ್ಬ ಇನ್ನೂ ಬಂದಿರುವುದಿಲ್ಲ, ಕಾಯುವುದು ಮುಗಿದಿರುವುದಿಲ್ಲ. ನಡುವೆಯೇ ಆ ಬತ್ತಿ.

ಎಲ್ಲಕ್ಕಿಂತ ದೊಡ್ಡದು ಜೊತೆಗೂಡುವುದು. ಯೇಸುವಿನ ಹತ್ತಿರ ಒಬ್ಬ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದ ಕಥೆ ಇದೆ. ಜನ ಕಿಕ್ಕಿರಿದಿದ್ದರಿಂದ ಚಾವಣಿ ಬಿಚ್ಚಿ, ಹಾಸಿಗೆ ಸಮೇತ ಕೆಳಗಿಳಿಸುತ್ತಾರೆ. ಯೇಸು 'ಅವರ ನಂಬಿಕೆಯನ್ನು' ನೋಡಿದ ಎಂದು ಬರೆದಿದೆ, ರೋಗಿಯೊಬ್ಬನದೇ ನಂಬಿಕೆ ಎಂದಲ್ಲ. ಮೂರನೇ ಚರಣದಲ್ಲಿ ಗಂಟಲು ಕಟ್ಟಿದ ಮಗಳ ಬದಲು ಉಳಿದವರು ಹಾಡಿ ಮುಗಿಸಿದರಲ್ಲ, ಅದೂ ಇದೇ ಲೆಕ್ಕ.

ಸಂತೋಷವನ್ನು ಬೈಬಲ್ ಇನ್ನೊಂದು ಕಡೆ ಫಲ ಎಂದು ಕರೆಯುತ್ತದೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮನ ಫಲಗಳೆಂದು ಒಂಬತ್ತನ್ನು ಹೇಳಿ, ಪ್ರೀತಿಯ ನಂತರ ಎರಡನೆಯದಾಗಿ ಸಂತೋಷವನ್ನು ಇಟ್ಟಿದೆ. ತೆಂಗಿನ ಸಸಿಯ ಮುಂದೆ ನಿಂತು ಕಾಯಿ ಬಿಡು ಅಂತ ಗದರಿದರೆ ಬಿಡುವುದಿಲ್ಲ, ಅಲ್ವಾ? ನೀರು, ಗೊಬ್ಬರ ನಮ್ಮ ಕೆಲಸ. ಉಳಿದದ್ದಕ್ಕೆ ವರ್ಷಗಟ್ಟಲೆ ಕಾಯಬೇಕು.

ಎಲ್ಲಿ ಎಡವುತ್ತಾರೆ

ಈ ಮಾತುಗಳನ್ನೇ ಕೋಲು ಮಾಡಿಕೊಂಡು ಹೊಡೆಯುವವರೂ ಇದ್ದಾರೆ. 'ನಿನಗೆ ನಂಬಿಕೆ ಸಾಲದು, ಅದಕ್ಕೇ ದುಃಖ' ಎನ್ನುವವರು. ಬೈಬಲ್‌ನಲ್ಲೇ ಇದಕ್ಕೆ ಒಂದು ಕಥೆಯಿದೆ. ಯೋಬ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತಾಗ ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಸುಮ್ನೆ ಪಕ್ಕದಲ್ಲಿ ಕೂರುತ್ತಾರೆ. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಬಾಯಿ ಬಿಟ್ಟ ಮೇಲೆ ಕೆಟ್ಟಿತು. ನೀನೇನೋ ತಪ್ಪು ಮಾಡಿರಬೇಕು ಎಂದು ಸರದಿಯಲ್ಲಿ ಉಪದೇಶ ಶುರುಮಾಡುತ್ತಾರೆ. ಬಿದ್ದವನ ಮೇಲೆ ಆಳಿಗೊಂದು ಕಲ್ಲು. ಕೊನೆಯಲ್ಲಿ ದೇವರು ಸಿಟ್ಟಾಗುವುದು ದೂರಿದ ಯೋಬನ ಮೇಲಲ್ಲ, ಈ ಗೆಳೆಯರ ಮೇಲೆ.

ಸಂತೋಷದ ಅನುಭವವೇ ಆಗದ ಭಕ್ತರೂ ಇದ್ದಾರೆ. ಕೋಲ್ಕತ್ತದ ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಅವರ ಖಾಸಗಿ ಪತ್ರಗಳು 2007ರಲ್ಲಿ ಅಚ್ಚಾದಾಗ ಜನ ಬೆಚ್ಚಿಬಿದ್ದರು. ದಶಕಗಳ ಕಾಲ ಒಳಗೆ ಬರೀ ಕತ್ತಲೆ, ದೇವರಿದ್ದಾನೆ ಎಂಬ ಅನುಭವವೇ ಇಲ್ಲ ಎಂದು ಬರೆದುಕೊಂಡಿದ್ದರು. ಹೊರಗೆ ನಗುಮುಖ. 2016ರಲ್ಲಿ ಕಥೋಲಿಕ ಸಭೆ ಅವರನ್ನು ಸಂತರೆಂದು ಸಾರಿತು, ಆ ಪತ್ರಗಳನ್ನು ಓದಿದ ಮೇಲೆಯೇ.

ಮನಸ್ಸಿನ ಕಾಯಿಲೆ ಬೇರೆ ವಿಷಯ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಎನಿಸುತ್ತಿದೆ ಅಂದರೆ ಅದು ನಂಬಿಕೆಯ ಕೊರತೆಯಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಪೌಲನ ಜೊತೆಗಾರ ಲೂಕ ಸ್ವತಃ ವೈದ್ಯ ಎಂಬುದನ್ನು ಅನೇಕ ಪಾದ್ರಿಗಳು ನೆನಪಿಸುತ್ತಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಂಥ ಮನೆಗೆ ಹೋದರೆ

ಹಾಡು ಶುರುವಾದಾಗ ನಾವೇನು ಮಾಡಬೇಕು ಎಂಬ ಮುಜುಗರ ಇರುತ್ತದೆ. ಅವರು ಎದ್ದು ನಿಂತರೆ ನಾವೂ ನಿಲ್ಲುವುದು, ಕೂತರೆ ಕೂರುವುದು. ಹಾಡಲೇಬೇಕು ಅಂತ ಯಾರೂ ಹೇಳುವುದಿಲ್ಲ. ಪುಸ್ತಕ ಕೈಗೆ ಕೊಟ್ಟರೆ ಹಿಡಿದುಕೊಂಡರಾಯಿತು. ಅಳುತ್ತಿರುವವರಿಗೆ 'ಅಳಬೇಡಿ, ಅವರು ಸ್ವರ್ಗದಲ್ಲಿದ್ದಾರೆ' ಎನ್ನುವ ಅವಸರ ಬೇಡ. ಅದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು, ಬಲ್ಲವರಾಗಿಯೂ ಅಳುತ್ತಿದ್ದಾರೆ.

ಆಂಟಿಯ ಮನೆಯಲ್ಲಿ ಹಾಡು ಮುಗಿದ ಮೇಲೆ ಆ ಹಿರಿಯರು ಮತ್ತೇನೂ ಕೇಳಲಿಲ್ಲ. ಪೆಟ್ಟಿಗೆ ಎತ್ತುವಾಗ ಒಂದು ಬದಿಗೆ ಒಬ್ಬರು ಕಮ್ಮಿಯಿದ್ದರು. ಚಪ್ಪಲಿ ಬಿಟ್ಟು ಹೋಗಿ ಹೆಗಲು ಕೊಟ್ಟರು.